ದತ್ತಾಂಶ, ಅಂಕೀಯ ತಂತ್ರಜ್ಞಾನ ಮತ್ತು ಅಧಿಕಾರ: ರಾಯದುರ್ಗ–ಮಡಕಶಿರಾ ಸೀಮೆ

ದತ್ತಾಂಶ ಮತ್ತು ಅಧಿಕಾರ ಎಂಬುದು, ಜನರನ್ನೂ ಜಮೀನನ್ನೂ ಭಾಷೆಯನ್ನೂ ದುಡಿಮೆಯನ್ನೂ ಅಂಕಿ ಹಾಗೂ ದಾಖಲೆಗಳ ರೂಪಕ್ಕೆ ತಂದು ಸಂಗ್ರಹಿಸತಕ್ಕ ಸಂಸ್ಥೆಗಳಿಗೂ ಹಾಗೆ ದಾಖಲಾಗತಕ್ಕ ಸಮಾಜಕ್ಕೂ ನಡುವೆ ಏರ್ಪಡುವ ಸಂಬಂಧವನ್ನೂ, ಆ ಸಂಬಂಧದ ನ್ಯಾಯಾನ್ಯಾಯಗಳನ್ನು ಕುರಿತ ವಾದವಿವಾದಗಳನ್ನೂ ಒಳಗೊಂಡ ಅಧ್ಯಯನವಿಷಯ. ಗಣಕಯಂತ್ರವೂ ಅಂತರ್ಜಾಲವೂ ಬಂದ ಮೇಲೆ ಈ ವಿಷಯಕ್ಕೆ ಹೊಸ ಹೆಸರುಗಳು ಹುಟ್ಟಿದವಾದರೂ ಅದರ ಮೂಲಪ್ರಶ್ನೆ ಹಳೆಯದು: ಎಣಿಸುವವರು ಯಾರು, ಯಾವ ಭಾಷೆಯಲ್ಲಿ ಮತ್ತು ಯಾವ ವಿಭಾಗಗಳಲ್ಲಿ ಎಣಿಸುತ್ತಾರೆ, ಎಣಿಸಲ್ಪಟ್ಟವನಿಗೆ ಆ ದಾಖಲೆಯನ್ನು ಓದಿ ತಿದ್ದಿಸುವ ಶಕ್ತಿ ಉಂಟೆ ಎಂಬುದು. ಆಂಧ್ರಪ್ರದೇಶದ ಅನಂತಪುರ ಸೀಮೆಯಲ್ಲಿ ಕನ್ನಡ ಮಾತನಾಡುವ ಜನರು ನೆಲೆಸಿರುವ ರಾಯದುರ್ಗ ಮತ್ತು ಮಡಕಶಿರಾ ಪ್ರದೇಶಗಳಲ್ಲಿ ಈ ಪ್ರಶ್ನೆ ಗಡಿರೇಖೆ, ಶಾಲೆ, ಪಡಿತರ, ಕೂಲಿ, ಪಹಣಿಗಳ ರೂಪದಲ್ಲಿ ಪುನಃಪುನಃ ಎದುರಾಗಿರುವುದರಿಂದ, ಪ್ರಸ್ತುತ ಲೇಖನವು ಆ ಸೀಮೆಯನ್ನೇ ನಿದರ್ಶನವಾಗಿಟ್ಟುಕೊಂಡು ವಿಷಯವನ್ನು ನಿರೂಪಿಸುತ್ತದೆ.

ಪರಿಭಾಷೆ

ದತ್ತಾಂಶವೆಂದರೆ ವೀಕ್ಷಣೆಯಿಂದಲೋ ಹೇಳಿಕೆಯಿಂದಲೋ ಯಂತ್ರದ ಅಳತೆಯಿಂದಲೋ ದೊರೆತು, ಮುಂದಿನ ಗಣನೆಗೆ ಒದಗುವಂತೆ ಕ್ರಮಪಡಿಸಿದ ಮಾಹಿತಿ. ಇಂಥ ಮಾಹಿತಿಯ ವ್ಯವಸ್ಥಿತವಾದ ಸಮೂಹ ದತ್ತಸಂಚಯವೆನಿಸುತ್ತದೆ. ಅಂಕೀಯ ಎಂಬ ವಿಶೇಷಣ ಇಲ್ಲಿ ಡಿಜಿಟಲ್ ಎಂಬುದಕ್ಕೆ ಪರ್ಯಾಯ. ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಗುರುತಿಸಲು ಸಾಧ್ಯವಾಗಿಸುವ ದತ್ತಾಂಶವು ವೈಯಕ್ತಿಕ ದತ್ತಾಂಶ. ತಾನು ಇಂಥವನೇ ಎಂದು ಒಬ್ಬನು ಹೇಳಿದಾಗ ಸಂಚಯದಲ್ಲಿರುವ ಬೆರಳಚ್ಚು, ಕಣ್ಣಿನ ಪಾಪೆ ಮುಂತಾದ ದೇಹಲಕ್ಷಣಗಳೊಡನೆ ಹೋಲಿಸಿ ಅದನ್ನು ಖಚಿತಪಡಿಸುವ ಕ್ರಿಯೆ ದೃಢೀಕರಣ. ಅರ್ಹನಾದವನು ದಾಖಲೆಯ ಅಥವಾ ಯಂತ್ರದ ದೋಷದಿಂದ ಸೌಲಭ್ಯವನ್ನು ಕಳೆದುಕೊಳ್ಳುವುದಕ್ಕೆ ಹೊರಗುಳಿಕೆಯೆಂದೂ, ಸಲ್ಲತಕ್ಕ ಹಣ ಅಥವಾ ಧಾನ್ಯ ಸಲ್ಲದವರ ಕೈಸೇರುವುದಕ್ಕೆ ಸೋರಿಕೆಯೆಂದೂ ಈ ಲೇಖನದಲ್ಲಿ ಹೆಸರು. ಈ ಕ್ಷೇತ್ರದ ಬಹುಭಾಗ ವಿವಾದಗಳು ಸೋರಿಕೆ ಮತ್ತು ಹೊರಗುಳಿಕೆಗಳಲ್ಲಿ ಯಾವುದನ್ನು ಮೊದಲು ತಡೆಯಬೇಕೆಂಬ ಭೇದದಿಂದಲೇ ಹುಟ್ಟಿವೆ.

ಪ್ರದೇಶ

ರಾಯದುರ್ಗವು ಬಳ್ಳಾರಿ ಮತ್ತು ಚಿತ್ರದುರ್ಗ ಜಿಲ್ಲೆಗಳ ಅಂಚಿನಲ್ಲಿಯೂ, ಮಡಕಶಿರಾ ತುಮಕೂರು ಜಿಲ್ಲೆಯ ಪಾವಗಡ, ಸಿರಾ, ಮಧುಗಿರಿ ತಾಲ್ಲೂಕುಗಳ ಅಂಚಿನಲ್ಲಿಯೂ ಇವೆ. ರಾಯದುರ್ಗದ ಸುತ್ತಣ ಡಿ. ಹಿರೇಹಾಳು, ಬೊಮ್ಮನಹಾಳು, ಕಣೇಕಲ್ಲು, ಗುಮ್ಮಘಟ್ಟ ಮಂಡಲಗಳಲ್ಲಿಯೂ ಮಡಕಶಿರೆಯ ಸುತ್ತಣ ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ ಮಂಡಲಗಳಲ್ಲಿಯೂ ಕನ್ನಡವು ಮನೆಯ ಮಾತಾಗಿ ಬಳಕೆಯಲ್ಲಿದೆ. ಕನ್ನಡ ಮಾಧ್ಯಮದ ಸರ್ಕಾರೀ ಶಾಲೆಗಳೂ ಉಂಟು. 2022ನೆಯ ಏಪ್ರಿಲ್ 4ರಂದು ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದು, ಮಡಕಶಿರಾ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೀಗೆ ಹಿಂದೆ ಒಂದೇ ಜಿಲ್ಲೆಯ ಅಂಕಿಅಂಶದಲ್ಲಿ ಒಟ್ಟಾಗಿ ಕಾಣುತ್ತಿದ್ದ ಕನ್ನಡಿಗರು ಈಗ ಎರಡು ಜಿಲ್ಲೆಗಳ ಲೆಕ್ಕದಲ್ಲಿ ಹಂಚಿಹೋಗಿದ್ದಾರೆ.

ಉಗಮ

ಅಮರಾಪುರ ಮಂಡಲದ ಹೇಮಾವತಿ, ಅಂದರೆ ಪ್ರಾಚೀನ ಹೆಂಜೇರು, ನೊಳಂಬರ ರಾಜಧಾನಿಯಾಗಿದ್ದಿತು; ಆ ಅರಸರ ಕನ್ನಡ ಶಾಸನಗಳು ದತ್ತಿ, ಎಲ್ಲೆ, ತೆರಿಗೆಗಳ ದಾಖಲೆಗಳೂ ಹೌದು. ಕಲ್ಲಿನ ಮೇಲೆ ಊರ ನಡುವೆ ನಿಂತ ಆ ದಾಖಲೆಯನ್ನು ಬದಲಿಸುವುದು ಕಷ್ಟವಾಗಿತ್ತು, ಓದಬಲ್ಲವರು ಓದಿಹೇಳಿದರೆ ಎಲ್ಲರೂ ಕೇಳಬಹುದಾಗಿತ್ತು. ಮುಂದಿನ ಶತಮಾನಗಳಲ್ಲಿ ಗ್ರಾಮದ ಲೆಕ್ಕಪತ್ರವು ಶಾನುಭೋಗನ, ತೆಲುಗಿನಲ್ಲಿ ಕರಣನ, ಮನೆಗೆ ಸೇರಿತು. ಶಾನುಭೋಗರು ಬಳಸುತ್ತಿದ್ದ ಕಡತವು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಿಂದ ಬರೆದ ಅಕ್ಷರಗಳನ್ನು ಒರೆಸಿ ಮತ್ತೆ ಬರೆಯಲು ಅದರಲ್ಲಿ ಅವಕಾಶವಿದ್ದಿತು. ಯಾರ ಹೊಲ ಎಷ್ಟು, ಯಾವುದಕ್ಕೆ ನೀರು, ಯಾರಿಗೆ ಮಾಫಿ ಎಂಬುದನ್ನೆಲ್ಲ ಬಲ್ಲವನು ಆತನೊಬ್ಬನೇ ಆಗಿದ್ದುದರಿಂದ, ಆ ವಂಶಪಾರಂಪರ್ಯ ಹುದ್ದೆಗೆ ಸಂಬಳಕ್ಕಿಂತ ಮಿಗಿಲಾದ ಪ್ರಭಾವವಿದ್ದಿತು.

1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪೆನಿಗೆ ವರ್ಗವಾದ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ 1807ರವರೆಗೆ ಇದ್ದ ಥಾಮಸ್ ಮನ್ರೋ, ಇಲ್ಲಿ ಹೊಲಹೊಲವನ್ನೂ ಅಳೆಯಿಸಿ ಒಬ್ಬೊಬ್ಬ ರೈತನೊಡನೆಯೂ ನೇರವಾಗಿ ಕಂದಾಯ ಗೊತ್ತುಪಡಿಸುವ ರೈತವಾರಿ ಪದ್ಧತಿಯನ್ನು ರೂಢಿಗೆ ತಂದನು. ಮಧ್ಯವರ್ತಿಯಾದ ಪಾಳೆಯಗಾರನ ಅಧಿಕಾರವನ್ನು ಮುರಿಯಲು ಕಂಪೆನಿಗೆ ಒದಗಿದ ಸಾಧನಗಳಲ್ಲಿ ಸೈನ್ಯದಷ್ಟೇ ಮುಖ್ಯವಾದುದು ಈ ಅಳತೆಯ ಪುಸ್ತಕ. ಆದರೆ ಆ ಪುಸ್ತಕದ ಕೀಲಿಕೈ ಮತ್ತೆ ಕರಣನ ಕೈಯಲ್ಲೇ ಉಳಿಯಿತು. ಮೈಸೂರು ರಾಜ್ಯದಲ್ಲಿ 1961ರ ಗ್ರಾಮಾಧಿಕಾರ ರದ್ದಿಯಾತಿ ಶಾಸನದಿಂದಲೂ, ಆಂಧ್ರಪ್ರದೇಶದಲ್ಲಿ 1984ರ ಸುಗ್ರೀವಾಜ್ಞೆಯಿಂದಲೂ ವಂಶಪಾರಂಪರ್ಯ ಗ್ರಾಮಾಧಿಕಾರಗಳು ಕೊನೆಗೊಂಡವು.

ಜನಗಣತಿ ಮತ್ತು ಗಡಿ

1871–72ರ ಸುಮಾರಿಗೆ ಆರಂಭವಾಗಿ 1881ರಿಂದ ದೇಶಾದ್ಯಂತ ಏಕಕಾಲದಲ್ಲಿ ನಡೆಯತೊಡಗಿದ ಜನಗಣತಿಯು, ಜಾತಿ ಮತ ಭಾಷೆಗಳ ಅಂಕಣಗಳನ್ನು ರಚಿಸಿ, ಅದುವರೆಗೆ ಅಸ್ಫುಟವಾಗಿದ್ದ ಸಮುದಾಯಗಳಿಗೆ ಸಂಖ್ಯೆಯ ಗೆರೆಗಳನ್ನು ಎಳೆಯಿತೆಂದು ಬರ್ನಾರ್ಡ್ ಕೋನ್ ಮೊದಲಾದ ವಿದ್ವಾಂಸರು ಪ್ರತಿಪಾದಿಸಿದ್ದಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಮತ್ತೊಂದು ಎಂದು ಬಾಳುತ್ತಿದ್ದ ಗಡಿಸೀಮೆಯ ಕುಟುಂಬವೂ ಗಣತಿಯ ಒಂದು ಮನೆಯಲ್ಲಿ ಒಂದೇ ಮಾತೃಭಾಷೆಯನ್ನು ಹೇಳಬೇಕಾಯಿತು. ಎರಡನೆಯ ಭಾಷೆಗೆ ಬೇರೆ ಅಂಕಣ ಬಂದರೂ ರಾಜ್ಯಗಳ ಎಲ್ಲೆಯನ್ನು ಕುರಿತ ವಾದಗಳಲ್ಲಿ ತೂಕ ಪಡೆದುದು ಮೊದಲನೆಯ ಅಂಕಣವೇ.

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಮೃತರಾದ ಬಳಿಕ ಆಂಧ್ರ ರಾಜ್ಯದ ರಚನೆ ಅನಿವಾರ್ಯವಾಗಿ, ಬಹುಭಾಷೀಯವಾಗಿದ್ದ ಬಳ್ಳಾರಿ ಜಿಲ್ಲೆಯ ವಿಭಜನೆ ತತ್ಕ್ಷಣದ ಸಮಸ್ಯೆಯಾಯಿತು. ನ್ಯಾಯಮೂರ್ತಿ ಕೈಲಾಸನಾಥ ವಾಂಛೂ ಅವರ ವರದಿಯ ನಂತರ, 1953ರ ಮಾರ್ಚ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಸಂಸತ್ತಿನಲ್ಲಿ ಸರ್ಕಾರದ ನಿರ್ಧಾರವನ್ನು ಪ್ರಕಟಿಸಿದರು. ಅದರ ಮೇರೆಗೆ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆಂಧ್ರಕ್ಕೂ, ಕನ್ನಡ ಪ್ರಧಾನವೆಂದು ಗಣಿಸಲಾದ ತಾಲ್ಲೂಕುಗಳು ಮೈಸೂರಿಗೂ ಗೊತ್ತಾದವು. ಬಳ್ಳಾರಿ ತಾಲ್ಲೂಕೊಂದರ ವಿಷಯವಾಗಿ ಮಾತ್ರ ಹೈದರಾಬಾದ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಎಲ್. ಎಸ್. ಮಿಶ್ರ ಅವರ ವಿಚಾರಣೆ ನಡೆದು, ಅದೂ ಮೈಸೂರಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಅಸ್ತಿತ್ವಕ್ಕೆ ಬಂದಾಗ ರಾಯದುರ್ಗವು ಅನಂತಪುರ ಜಿಲ್ಲೆಗೂ, ಆಲೂರು ಆದೋನಿಗಳು ಕರ್ನೂಲು ಜಿಲ್ಲೆಗೂ ಕೂಡಿಕೊಂಡವು. ಮಡಕಶಿರೆಯ ಸ್ಥಿತಿ ಬೇರೆ: ಅದು ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದುದರಿಂದ ಜಿಲ್ಲೆಯೊಡನೆಯೇ ಆಂಧ್ರಕ್ಕೆ ಹೋಯಿತು.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ನೋಡಿದರೆ, ಎಣಿಕೆಗಿಂತ ಎಣಿಕೆಯ ಘಟಕವೇ ಹೆಚ್ಚು ನಿರ್ಣಾಯಕವೆಂಬುದು ಸ್ಪಷ್ಟವಾಗುತ್ತದೆ. ಬಳ್ಳಾರಿಯನ್ನು ತಾಲ್ಲೂಕು ತಾಲ್ಲೂಕಾಗಿ ಒಡೆದು ಪರಿಶೀಲಿಸಿದರು. ಅನಂತಪುರವನ್ನು ಜಿಲ್ಲೆಯಾಗಿಯೇ ಇರಿಸಿದರು. ತಾಲ್ಲೂಕಿನ ಬದಲು ಗ್ರಾಮವನ್ನು ಘಟಕವಾಗಿಟ್ಟು ಭೌಗೋಳಿಕ ಸಾತತ್ಯವನ್ನು ನೋಡಿದ್ದರೆ, ರಾಯದುರ್ಗದ ಪಶ್ಚಿಮದ ಹಳ್ಳಿಗಳಿಗೂ ಅಮರಾಪುರದ ಕಡೆಯ ಹಳ್ಳಿಗಳಿಗೂ ಬೇರೊಂದು ವಿಚಾರ ಸಲ್ಲಬಹುದಾಗಿತ್ತೆಂಬುದು ಗಡಿನಾಡ ಕನ್ನಡಿಗರ ಬಹುಕಾಲದ ವಾದ. 1955ರಲ್ಲಿ ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಸೌಕರ್ಯವನ್ನು ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿದಾಗ, ಭಾಷಾಸಂಖ್ಯೆಯೂ ಅಂತಿಮ ಪ್ರಮಾಣವಲ್ಲವೆಂಬುದು ವ್ಯಕ್ತವಾಯಿತು. ಆ ಶಿಫಾರಸು ಅಂಗೀಕೃತವಾಗಲಿಲ್ಲ.

ಗಡಿಯ ಆಚೆ ಉಳಿದವರ ರಕ್ಷಣೆಗಾಗಿ ರಚಿತವಾದ ನಿಯಮಗಳೂ ಸಂಖ್ಯೆಯನ್ನೇ ಆಧರಿಸಿದವು. 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ಮತ್ತು 350ಬಿ ಅನುಚ್ಛೇದಗಳು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣವನ್ನೂ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನೂ ಕುರಿತವು. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯಲ್ಲಿ ಬೋಧನೆ ಏರ್ಪಡಿಸಬೇಕೆಂಬುದು 1949ರ ಶಿಕ್ಷಣ ಸಚಿವರ ಸಮ್ಮೇಳನದಿಂದ ಬಂದ ಸೂತ್ರ. ತಾಲ್ಲೂಕು ಮೊದಲಾದ ಘಟಕಗಳ ಜನಸಂಖ್ಯೆಯಲ್ಲಿ ಶೇಕಡ 15ರಿಂದ 20ರಷ್ಟು ಮಂದಿ ಅಲ್ಪಸಂಖ್ಯಾತ ಭಾಷೆಯವರಾದಲ್ಲಿ ಸರ್ಕಾರೀ ಪ್ರಕಟಣೆ, ಮತದಾರರ ಪಟ್ಟಿ, ಪಡಿತರ ಚೀಟಿ ಮುಂತಾದವುಗಳನ್ನು ಆ ಭಾಷೆಯಲ್ಲಿಯೂ ಮುದ್ರಿಸುವುದು ಹಿತಕರವೆಂಬ ಅಭಿಪ್ರಾಯವೂ 1956ರದೇ. ಎಣಿಕೆಯ ಪುಸ್ತಕದಲ್ಲಿ ಒಂದು ಊರಿನ ಕನ್ನಡಿಗರು ಎಷ್ಟು ಕಾಣುತ್ತಾರೋ ಅಷ್ಟೇ ಹಕ್ಕು ಅವರಿಗೆ ಸಲ್ಲುವ ಸ್ಥಿತಿ ಹೀಗೆ ನೆಲೆಗೊಂಡಿತು.

ಭಾಷಾಗಣತಿಯ ವರ್ಗೀಕರಣವೂ ತಟಸ್ಥವಾದುದಲ್ಲ. 2011ರ ಗಣತಿಯಲ್ಲಿ ಜನರು ಹೇಳಿದ 19,569 ಹೆಸರುಗಳು ಪರಿಶೀಲನೆಯ ತರುವಾಯ 1,369 ಮಾತೃಭಾಷೆಗಳಾಗಿ, ಅನಂತರ 121 ಭಾಷೆಗಳಾಗಿ ಸಂಕ್ಷೇಪಗೊಂಡವು. 10,000ಕ್ಕಿಂತ ಕಡಮೆ ಜನ ಮಾತನಾಡುವ ನುಡಿಗಳನ್ನು ಪ್ರತ್ಯೇಕವಾಗಿ ಪ್ರಕಟಿಸದಿರುವ ಕ್ರಮ 1971ರಿಂದ ನಡೆದುಬಂದಿದೆ. ಕನ್ನಡಕ್ಕೆ ಲೆಕ್ಕವಾದ 4,37,06,512 ಜನರಲ್ಲಿ ನೀಲಗಿರಿಯ ಬಡಗ ನುಡಿಯವರೂ ಸೇರಿದ್ದಾರೆ.

ಅಂಕೀಯ ವ್ಯವಸ್ಥೆಯ ರಚನೆ

ಅಂಕೀಯ ಆಡಳಿತದ ಪ್ರಯೋಗಗಳಲ್ಲಿ ಆಂಧ್ರಪ್ರದೇಶ ಕರ್ನಾಟಕಗಳೆರಡೂ ದೇಶದಲ್ಲಿ ಮುಂಚೂಣಿಯವು. ಆಂಧ್ರದಲ್ಲಿ 1998ರಲ್ಲಿ ನೋಂದಣಿ ಕಚೇರಿಗಳ ಗಣಕೀಕರಣವೂ, 2011ರಲ್ಲಿ ಮೀಸೇವಾ ಕೇಂದ್ರಗಳೂ, 2015ರಲ್ಲಿ ಜಮೀನಿನ ಅಡಂಗಲ್ ಹಾಗೂ 1-ಬಿ ಪತ್ರಗಳನ್ನು ಅಂತರ್ಜಾಲದಲ್ಲಿ ನೋಡಲು ಮೀ ಭೂಮಿ ತಾಣವೂ ಬಂದವು. 2016ರ ಜುಲೈಯಲ್ಲಿ ಪ್ರಜಾಸಾಧಿಕಾರ ಸರ್ವೇಕ್ಷಣೆಯ ಹೆಸರಿನಲ್ಲಿ ಮನೆಮನೆಯ ವಿವರಗಳನ್ನು ಟ್ಯಾಬ್ಲೆಟ್ ಉಪಕರಣಗಳಲ್ಲಿ ಸಂಗ್ರಹಿಸಲಾಯಿತು. 2019ರ ಆಗಸ್ಟ್ 15ರಿಂದ ಸುಮಾರು 50 ಮನೆಗಳಿಗೊಬ್ಬರಂತೆ ಸ್ವಯಂಸೇವಕರನ್ನೂ, ಅಕ್ಟೋಬರ್ 2ರಿಂದ ಗ್ರಾಮ ಸಚಿವಾಲಯಗಳನ್ನೂ ಏರ್ಪಡಿಸಲಾಯಿತು. 2025ರ ಜನವರಿಯಲ್ಲಿ ವಾಟ್ಸಾಪ್ ಮೂಲಕ ಸರ್ಕಾರೀ ಸೇವೆಗಳನ್ನು ಒದಗಿಸುವ ಮನಮಿತ್ರ ಆರಂಭವಾಯಿತು. ಕರ್ನಾಟಕದಲ್ಲಿ 2001ರ ವೇಳೆಗೆ ರೂಢಿಗೆ ಬಂದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು.

ಇವೆಲ್ಲಕ್ಕೂ ಆಧಾರಸ್ತಂಭವಾದುದು ಆಧಾರ್. 12 ಅಂಕೆಗಳ ಈ ಸಂಖ್ಯೆಯ ವಿತರಣೆ 2010ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಇದನ್ನು ವಿತರಿಸುವ ಪ್ರಾಧಿಕಾರದ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಬೇರೆಬೇರೆ ಇಲಾಖೆಗಳ ದತ್ತಸಂಚಯಗಳನ್ನು ಒಂದೇ ಸಂಖ್ಯೆಯ ಮೂಲಕ ಪರಸ್ಪರ ಜೋಡಿಸಲು ಅನುಕೂಲವಾದುದೇ ಇದರ ಮುಖ್ಯ ಲಕ್ಷಣ. ಇದರ ಶಕ್ತಿಯೂ ಇದರ ಅಪಾಯವೂ ಆ ಜೋಡಣೆಯಲ್ಲಿದೆ.

ವಾದಗಳ ಪ್ರಭೇದಗಳು

ಹೊರಗುಳಿಕೆಯ ವಾದ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬೇಕಾದರೆ ಯಂತ್ರದ ಮೇಲೆ ಬೆರಳಿಟ್ಟು ದೃಢೀಕರಿಸಬೇಕೆಂಬ ಪದ್ಧತಿ ಆಂಧ್ರದಲ್ಲಿ 2015ರಿಂದ ವ್ಯಾಪಕವಾಯಿತು. ಅಕ್ಷರ ಬಾರದವರ ಗುರುತಾಗಿದ್ದ ಹೆಬ್ಬೆಟ್ಟು ಹೀಗೆ ಅಕ್ಷರಸ್ಥರಿಗೂ ಅನಿವಾರ್ಯವಾಯಿತು. ಕಳೆ ಕಿತ್ತು, ಶೇಂಗಾ ಬಿಡಿಸಿ, ಕಲ್ಲು ಹೊತ್ತು ದುಡಿಯುವ ಕೈಗಳಲ್ಲಿ ಬೆರಳ ಗೆರೆಗಳು ಸವೆದಿರುವುದುಂಟು. ವಯಸ್ಸಾದವರಲ್ಲಿ ಚರ್ಮ ಒಣಗಿ ಯಂತ್ರಕ್ಕೆ ಗುರುತು ಸಿಕ್ಕದೆ ಹೋಗುವುದೂ ಉಂಟು. ಕೈ ತೊಳೆದು, ಒರೆಸಿ, ಬೆರಳು ಬದಲಿಸಿ ಮತ್ತೆ ಮತ್ತೆ ಒತ್ತುವ ಮುದುಕಿಯ ಹಿಂದೆ ಸಾಲು ಬೆಳೆಯುತ್ತ ಹೋಗುತ್ತದೆ. ಕೇಂದ್ರ ಸರ್ಕಾರದ 2016–17ರ ಆರ್ಥಿಕ ಸಮೀಕ್ಷೆಯೇ ದೃಢೀಕರಣದ ವೈಫಲ್ಯವನ್ನು ಜಾರ್ಖಂಡದಲ್ಲಿ ಶೇಕಡ 49, ರಾಜಸ್ಥಾನದಲ್ಲಿ 37, ಗುಜರಾತಿನಲ್ಲಿ 6, ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ 5 ಎಂದು ಉಲ್ಲೇಖಿಸಿತು. ಕೊನೆಯ ಅಂಕಿ ಕಡಮೆಯೆಂದು ತೋರಿದರೂ, 100 ಮನೆಗಳ ಊರಿನಲ್ಲಿ 5 ಮನೆಗಳಿಗೆ ಅಕ್ಕಿಯ ಪ್ರಶ್ನೆ ಅದು. ಕಣ್ಣಿನ ಪಾಪೆಯ ಮೂಲಕವೋ ಗ್ರಾಮ ಕಂದಾಯಾಧಿಕಾರಿಯ ಬೆರಳಚ್ಚಿನ ಮೂಲಕವೋ ಕೊಡುವ ಬದಲಿ ಮಾರ್ಗ ಆಂಧ್ರದಲ್ಲಿ ಇದ್ದುದರಿಂದ ಇಲ್ಲಿನ ಕಷ್ಟ ಜಾರ್ಖಂಡದಷ್ಟು ತೀವ್ರವಾಗಲಿಲ್ಲ.

ಹೊರಗುಳಿಕೆಯ ಮತ್ತೊಂದು ಮುಖ ಗಡಿಸೀಮೆಗೆ ವಿಶೇಷವಾದುದು. ತೆಲುಗರಲ್ಲಿ ಮನೆತನದ ಹೆಸರು, ಅಂದರೆ ಇಂಟಿಪೇರು, ವ್ಯಕ್ತಿಯ ಹೆಸರಿಗೆ ಮೊದಲು ಬರುತ್ತದೆ. ಇಲ್ಲಿಯ ಕನ್ನಡಿಗರಲ್ಲಿ ಅನೇಕರು ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಸೇರಿಸಿಕೊಳ್ಳುವರು. ಮನೆಯಲ್ಲಿ ಈರಣ್ಣ ಎಂದಾದವನು ಶಾಲೆಯ ದಾಖಲೆಯಲ್ಲಿ ವೀರಣ್ಣನಾಗಿ, ತೆಲುಗಿನ ಅಡಂಗಲ್‌ನಲ್ಲಿ ಒಂದು ರೀತಿಯಾಗಿ, ರೋಮನ್ ಲಿಪಿಯ ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ರೀತಿಯಾಗಿ ಬರೆಯಲ್ಪಟ್ಟರೆ, ಊರಿನವರಿಗೆ ಒಬ್ಬನೇ ಆದವನು ಯಂತ್ರಕ್ಕೆ ನಾಲ್ವರಾಗುತ್ತಾನೆ. ಹಿಂದೆ ಶಾನುಭೋಗನೋ ಮೇಷ್ಟರೋ ಮುಖ ನೋಡಿ ಬಗೆಹರಿಸುತ್ತಿದ್ದ ವ್ಯತ್ಯಾಸವು ಈಗ ಅರ್ಜಿ, ಪ್ರಮಾಣಪತ್ರ, ನಗರಕ್ಕೆ ಪ್ರಯಾಣಗಳ ವಿಷಯವಾಗಿದೆ. ಆಧಾರ್‌ನಲ್ಲಿ ಹೆಸರನ್ನು ತಿದ್ದಿಸಲು ಸಾಮಾನ್ಯವಾಗಿ 2 ಬಾರಿ, ಜನ್ಮದಿನಾಂಕವನ್ನು ತಿದ್ದಿಸಲು 1 ಬಾರಿ ಮಾತ್ರ ಅವಕಾಶವಿದೆ.

ಭೂದಾಖಲೆಯ ವಾದ. ಗಡಿಯ ಎರಡೂ ಕಡೆ ಜಮೀನುಳ್ಳ ರೈತನಿಗೆ ಪಾವಗಡದ ಪಹಣಿ ಕನ್ನಡದಲ್ಲಿಯೂ ಮಡಕಶಿರೆಯ ಅಡಂಗಲ್ ತೆಲುಗಿನಲ್ಲಿಯೂ ದೊರೆಯುತ್ತದೆ. ಅಲ್ಲಿ 40 ಗುಂಟೆಗೆ ಎಕರೆ, ಇಲ್ಲಿ 100 ಸೆಂಟಿಗೆ ಎಕರೆ. ಇದು ರೂಢಿಯಿಂದ ಕಲಿತು ನಿಭಾಯಿಸಬಹುದಾದ ತೊಡಕು. ಅದಕ್ಕಿಂತ ಗಂಭೀರವಾದುದು, ಗಣಕೀಕೃತ ದಾಖಲೆ ಯಾರಿಗೆ ಹೆಚ್ಚು ಪ್ರಯೋಜನವಾಗುತ್ತದೆ ಎಂಬ ಪ್ರಶ್ನೆ. ಕರ್ನಾಟಕದ ಭೂಮಿ ಯೋಜನೆ ಗ್ರಾಮಲೆಕ್ಕಿಗನ ಲಂಚದ ಅವಕಾಶವನ್ನು ಕುಗ್ಗಿಸಿತೆಂದು ಪ್ರಶಂಸೆ ಪಡೆದಿದ್ದರೆ, ಸೊಲೊಮನ್ ಬೆಂಜಮಿನ್ ಮತ್ತು ಸಹಸಂಶೋಧಕರು 2007ರ ತಮ್ಮ ಅಧ್ಯಯನದಲ್ಲಿ, ದಾಖಲೆಗಳು ಕೇಂದ್ರೀಕೃತವಾದುದರಿಂದ ಬೆಂಗಳೂರಿನ ಸುತ್ತ ಬೃಹತ್ ಪ್ರಮಾಣದ ಭೂಖರೀದಿಗೆ ಅನುಕೂಲವಾಗಿ ಸಣ್ಣ ರೈತನ ಸ್ಥಳೀಯ ಹಿಡಿತ ಸಡಿಲವಾಯಿತೆಂದು ವಾದಿಸಿದರು. ಎರಡು ಮಾತುಗಳೂ ಒಂದೇ ಕಾಲಕ್ಕೆ ನಿಜವಾಗಿರುವುದು ಸಾಧ್ಯ.

ಆಂಧ್ರದಲ್ಲಿ 2020ರ ಡಿಸೆಂಬರ್ 21ರಂದು ಡ್ರೋನ್ ಮತ್ತು ಉಪಗ್ರಹಾಧಾರಿತ ನಿಲ್ದಾಣಗಳ ಸಹಾಯದಿಂದ ರಾಜ್ಯದ ಜಮೀನಿನ ಮರುಸರ್ವೆ ಆರಂಭವಾಯಿತು. ತಲೆತಲಾಂತರದಿಂದ ರೈತರ ನಾಲಗೆಯ ಮೇಲಿದ್ದ ಸರ್ವೆ ನಂಬರುಗಳಿಗೆ ಬದಲು ಭೂಭಾಗ ನಕ್ಷೆಯ ಹೊಸ ಸಂಖ್ಯೆಗಳು ಬಂದವು. ಅನೇಕರ ಜಮೀನು ಒಂದೇ ಜಂಟಿ ಸಂಖ್ಯೆಯಡಿಯಲ್ಲಿ ಸೇರಿದುದು ದೂರುಗಳಿಗೆ ಕಾರಣವಾಯಿತು. 2023ರ ಅಕ್ಟೋಬರ್ 31ರಿಂದ ಜಾರಿಗೆ ಬಂದ ಭೂ ಹಕ್ಕುಪತ್ರ ಶಾಸನವು ಮಾಲಿಕತ್ವದ ತಗಾದೆಗಳನ್ನು ಮೊದಲು ಹಕ್ಕು ನೋಂದಣಾಧಿಕಾರಿಯ ಬಳಿಗೆ ಒಯ್ದು, ಸಿವಿಲ್ ನ್ಯಾಯಾಲಯಗಳ ಪಾತ್ರವನ್ನು ಸಂಕುಚಿತಗೊಳಿಸಿದುದರಿಂದ ವಕೀಲರೂ ರೈತಸಂಘಟನೆಗಳೂ ವಿರೋಧಿಸಿದರು. 2024ರ ಚುನಾವಣೆಯಲ್ಲಿ ಇದು ಮುಖ್ಯ ವಿಷಯವಾಗಿ, ಹೊಸ ಸರ್ಕಾರ ಅದೇ ವರ್ಷದ ಜುಲೈಯಲ್ಲಿ ವಿಧಾನಸಭೆಯಲ್ಲಿ ಅದರ ರದ್ದಿಯಾತಿಗೆ ಒಪ್ಪಿಗೆ ಪಡೆಯಿತು. ಮರುಸರ್ವೆಯ ದೋಷಗಳನ್ನು ಕೇಳಲು ಡಿಸೆಂಬರಿನಿಂದ ಗ್ರಾಮಗಳಲ್ಲಿ ಕಂದಾಯ ಸಭೆಗಳು ನಡೆದವು. ದತ್ತಸಂಚಯದ ಒಂದು ವಿನ್ಯಾಸವು ಮತಪೆಟ್ಟಿಗೆಯ ವಿಷಯವಾದ ನಿದರ್ಶನ ಭಾರತದಲ್ಲಿ ಇದಕ್ಕಿಂತ ಸ್ಫುಟವಾಗಿ ದೊರೆಯುವುದು ಅಪರೂಪ.

ಗೋಪ್ಯತೆ ಮತ್ತು ರಾಜಕೀಯ ಉಪಯೋಗದ ವಾದ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆ ಪ್ರಕಟಿಸಿದ ವರದಿಯು, 4 ಸರ್ಕಾರೀ ತಾಣಗಳಲ್ಲಿ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಯಾರಿಗಾದರೂ ಕಾಣುವಂತಿದ್ದುವೆಂದು ತಿಳಿಸಿತು. ಆ 4ರಲ್ಲಿ 2 ಆಂಧ್ರಪ್ರದೇಶದವು, ಒಂದು ಉದ್ಯೋಗ ಖಾತರಿಯದು, ಇನ್ನೊಂದು ಚಂದ್ರನ್ನ ವಿಮಾ ಯೋಜನೆಯದು. 2019ರ ಚುನಾವಣೆಗೆ ಮುನ್ನ ಅಂದಿನ ಆಡಳಿತ ಪಕ್ಷದ ಮೊಬೈಲ್ ತಂತ್ರಾಂಶದಲ್ಲಿ ಮತದಾರರ ವೈಯಕ್ತಿಕ ವಿವರಗಳು ಬಳಕೆಯಾದುವೆಂಬ ಆರೋಪ ಹೈದರಾಬಾದಿನಲ್ಲಿ ಮೊಕದ್ದಮೆಯಾಯಿತು. ಅದೇ ಸಮಯದಲ್ಲಿ ಮತದಾರರ ಪಟ್ಟಿಯಿಂದ ಹೆಸರು ತೆಗೆಸುವ ನಮೂನೆ 7ರ ಅರ್ಜಿಗಳು ಲಕ್ಷಗಟ್ಟಲೆ ಬಂದುದು ಎರಡು ಪಕ್ಷಗಳ ಪರಸ್ಪರ ದೂಷಣೆಗೆ ಎಡೆಮಾಡಿತು. 2023ರಲ್ಲಿ ಪುನಃ, ಮುಂದಿನ ಸರ್ಕಾರದ ಸ್ವಯಂಸೇವಕರು ಸಂಗ್ರಹಿಸಿದ ಮನೆವಿವರಗಳನ್ನು ಕುರಿತು ಅಂಥದೇ ಆಕ್ಷೇಪಣೆ ಎದ್ದಿತು. 2024ರ ಮಾರ್ಚ್ 30ರಂದು ಚುನಾವಣಾ ಆಯೋಗವು ಸ್ವಯಂಸೇವಕರು ಪಿಂಚಣಿ ಮೊದಲಾದವನ್ನು ಹಂಚಕೂಡದೆಂದು ಆದೇಶಿಸಿತು. ಪಕ್ಷ ಬದಲಾದರೂ ಆರೋಪದ ಸ್ವರೂಪ ಬದಲಾಗದಿರುವುದನ್ನು ನೋಡಿದರೆ, ದೋಷವು ಒಂದು ಪಕ್ಷದ ನಡತೆಗಿಂತ ವ್ಯವಸ್ಥೆಯ ರಚನೆಯಲ್ಲಿಯೇ ಇದೆಯೆಂದು ಹೇಳಬೇಕಾಗುತ್ತದೆ.

ಭಾಷೆಯ ವಾದ. 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಎಲ್ಲ ಸರ್ಕಾರೀ ಶಾಲೆಗಳನ್ನೂ ಇಂಗ್ಲಿಷ್ ಮಾಧ್ಯಮಕ್ಕೆ ತರುವ ಆದೇಶ ಹೊರಡಿಸಿದಾಗ, 2020ರ ಏಪ್ರಿಲ್ 15ರಂದು ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಬಳಿಕ ಸರ್ಕಾರ ಪಾಲಕರ ಅಭಿಪ್ರಾಯ ಸಂಗ್ರಹಿಸಿ, ಶೇಕಡ 96.17 ಮಂದಿ ಇಂಗ್ಲಿಷ್ ಮಾಧ್ಯಮವನ್ನೂ, 3.05 ಮಂದಿ ತೆಲುಗು ಮಾಧ್ಯಮವನ್ನೂ, 0.78 ಮಂದಿ ಇತರ ಭಾಷೆಗಳ ಮಾಧ್ಯಮವನ್ನೂ ಕೋರಿರುವರೆಂದು ಪ್ರಕಟಿಸಿತು. ಕನ್ನಡ, ತಮಿಳು, ಒಡಿಯಾ, ಉರ್ದುಗಳ ಪಾಲಕರೆಲ್ಲರೂ ಆ ಕೊನೆಯ ಅಂಕಿಯೊಳಗೆ ಅಡಕವಾದರು. ರಾಜ್ಯದ ಸರಾಸರಿಯಲ್ಲಿ ಶೇಕಡ 1ಕ್ಕಿಂತ ಕಡಮೆಯಾಗುವ ಭಾಷೆ ಒಂದು ಊರಿನಲ್ಲಿ ಬಹುಮತದ್ದಾಗಿರಬಹುದೆಂಬುದು ಆ ಕೋಷ್ಟಕದಲ್ಲಿ ಕಾಣುವುದಿಲ್ಲ. ಅದನ್ನು ಕಾಣಿಸಲು ಮಂಡಲವಾರು, ಗ್ರಾಮವಾರು ಅಂಕಿಗಳು ಬೇಕು.

ಲಿಪಿಯ ಮಟ್ಟದಲ್ಲಿಯೂ ಇಂಥ ನಿರ್ಣಯಗಳು ಅಡಗಿವೆ. ಗಣಕದ ಅಕ್ಷರಸಂಕೇತಗಳಿಗೆ 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಕನ್ನಡ, ತೆಲುಗು, ದೇವನಾಗರಿ ಮುಂತಾದುವುಗಳ ಸಮಾನಾಕ್ಷರಗಳಿಗೆ ಒಂದೇ ಸಂಕೇತವಿದ್ದಿತು. ಲಿಪಿಯನ್ನು ಬೇರೆಯಾಗಿ ಸೂಚಿಸಬೇಕಾಗಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೂ ತೆಲುಗಿಗೂ ಪ್ರತ್ಯೇಕ ಸ್ಥಾನ ದೊರೆತುದರಿಂದ, ಒಂದೇ ದಾಖಲೆಯಲ್ಲಿ ಎರಡು ಲಿಪಿಗಳನ್ನೂ ಗೊಂದಲವಿಲ್ಲದೆ ಇರಿಸಲು ತಾಂತ್ರಿಕ ಅಡ್ಡಿ ಉಳಿದಿಲ್ಲ. ದ್ವಿಭಾಷಾ ಅಡಂಗಲ್ ಅಥವಾ ದ್ವಿಭಾಷಾ ಪಡಿತರ ಚೀಟಿ ಇಂದು ಅಸಾಧ್ಯವಲ್ಲ. ಅದು ಆಡಳಿತದ ಸಂಕಲ್ಪಕ್ಕೆ ಸೇರಿದ ಮಾತು.

ಒಡೆತನದ ವಾದ. ಜನರ ನಡೆನುಡಿಗಳಿಂದ ಹುಟ್ಟಿದ ದತ್ತಾಂಶವನ್ನು ಕೆಲವು ಬೃಹತ್ ಕಂಪೆನಿಗಳು ಲಾಭದ ಮೂಲಧನವಾಗಿ ಮಾಡಿಕೊಂಡಿವೆಯೆಂಬ ಟೀಕೆಯನ್ನು ಶೊಶಾನಾ ಜುಬಾಫ್ 2019ರಲ್ಲಿ ವಿಸ್ತಾರವಾಗಿ ಮಂಡಿಸಿದರು. ನಿಕ್ ಕೂಲ್ಡ್ರಿ ಮತ್ತು ಉಲಿಸೆಸ್ ಮೆಹಿಯಾಸ್ ಅದನ್ನು ವಸಾಹತುಶಾಹಿಯ ಹೊಸ ಅವತಾರವೆಂದು ಕರೆದರು. ಭಾರತದಲ್ಲಿ ಕ್ರಿಸ್ ಗೋಪಾಲಕೃಷ್ಣನ್ ಸಮಿತಿ 2020ರಲ್ಲಿ ಸಮುದಾಯಕ್ಕೂ ತನ್ನ ದತ್ತಾಂಶದ ಮೇಲೆ ಹಕ್ಕಿರಬೇಕೆಂಬ ಭಾವನೆಯನ್ನು ಮುಂದಿಟ್ಟಿತು. ಯಂತ್ರಗಳಿಗೆ ಭಾರತೀಯ ನುಡಿಗಳನ್ನು ಕಲಿಸುವ ಕಾರ್ಯ ಹೆಚ್ಚಿದಂತೆ ಈ ಪ್ರಶ್ನೆ ಗಡಿಸೀಮೆಗೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದ ವಾಣಿ ಯೋಜನೆ, ರಾಜ್ಯಭಾಷೆಯನ್ನು ಹಿಡಿಯದೆ ಜಿಲ್ಲೆಯನ್ನು ಘಟಕವಾಗಿಟ್ಟು ಆಯಾ ಜಿಲ್ಲೆಯ ಜನ ಆಡುವ ಮಾತುಗಳನ್ನೇ ಧ್ವನಿಮುದ್ರಿಸುತ್ತದೆ. ಅನಂತಪುರವೂ ಅದರ ಜಿಲ್ಲೆಗಳಲ್ಲೊಂದು. ಗಡಿನಾಡಿನ ನುಡಿಗೆ ಈ ಕ್ರಮ, ಭಾಷಾವಾರು ಸಂಗ್ರಹಕ್ಕಿಂತ ಹೆಚ್ಚು ನ್ಯಾಯ ಒದಗಿಸಬಲ್ಲುದು. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಧ್ವನಿಯನ್ನು ನೀಡಿದವರಿಗೆ ಪ್ರತಿಫಲ ಕೊಡುವ ಮಾರ್ಗವನ್ನು ಅನುಸರಿಸಿದೆ.

ಸಾರ್ವಜನಿಕ ಉಪಯೋಗ: ಉದ್ಯೋಗ ಖಾತರಿ

ದತ್ತಾಂಶವು ಕೆಳಗಿನವರ ಕೈಗೆ ಅಸ್ತ್ರವಾಗಿ ಒದಗಿದ ದೊಡ್ಡ ನಿದರ್ಶನವೂ ಇದೇ ಸೀಮೆಯದು. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯನ್ನು ಪ್ರಧಾನಿ ಮನಮೋಹನ ಸಿಂಗರು 2006ರ ಫೆಬ್ರುವರಿ 2ರಂದು ಉದ್ಘಾಟಿಸಿದುದು ಅನಂತಪುರ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ. ಅದೇ ವರ್ಷ ಈ ಜಿಲ್ಲೆಯಲ್ಲಿ, ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಅನುಭವವನ್ನು ಬಳಸಿಕೊಂಡು, ಬೃಹತ್ತಾದ ಸಾಮಾಜಿಕ ಲೆಕ್ಕಪರಿಶೋಧನೆ ನಡೆಯಿತು. ಹಾಜರಿ ಪಟ್ಟಿಯನ್ನು ಗ್ರಾಮದ ಬಯಲಿನಲ್ಲಿ ಗಟ್ಟಿಯಾಗಿ ಓದುವುದು, ಹೆಸರು ಬಂದ ಕೂಲಿಕಾರನು ಎದ್ದು ತಾನು ಅಷ್ಟು ದಿನ ದುಡಿದುದೂ ಅಷ್ಟು ಹಣ ಮುಟ್ಟಿದುದೂ ದಿಟವೇ ಎಂದು ಎಲ್ಲರ ಮುಂದೆ ಹೇಳುವುದು, ವ್ಯತ್ಯಾಸ ಕಂಡಲ್ಲಿ ಅಧಿಕಾರಿ ಅಲ್ಲಿಯೇ ಉತ್ತರಿಸುವುದು ಇದರ ಕ್ರಮ. ಗಣಕದಲ್ಲಿ ಅಡಗಿದ ಅಂಕಿಯನ್ನು ಮತ್ತೆ ಊರವರ ಕಿವಿಗೆ ಮುಟ್ಟಿಸಿದ ಈ ಪದ್ಧತಿ ಆಂಧ್ರದಲ್ಲಿ 2009ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ರೂಪುಗೊಂಡು ದೇಶಕ್ಕೆ ಮಾದರಿಯಾಯಿತು.

ಕೂಲಿ ಹಾಗೂ ಪಿಂಚಣಿಗಳನ್ನು ಬೆರಳಚ್ಚಿನ ಸ್ಮಾರ್ಟ್‌ಕಾರ್ಡುಗಳ ಮೂಲಕ ಕೊಟ್ಟ ಪ್ರಯೋಗವನ್ನು ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ಆಂಧ್ರದ 8 ಜಿಲ್ಲೆಗಳ 157 ಮಂಡಲಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಅನಂತಪುರವೂ ಆ ಜಿಲ್ಲೆಗಳಲ್ಲೊಂದು. ಕೂಲಿ ಪಡೆಯಲು ತಗಲುವ ಸಮಯ ಸುಮಾರು 22 ನಿಮಿಷ ಕಡಮೆಯಾಯಿತೆಂದೂ, ಸೋರಿಕೆ ಗಣನೀಯವಾಗಿ ತಗ್ಗಿತೆಂದೂ, ಬಹುಪಾಲು ಫಲಾನುಭವಿಗಳು ಹೊಸ ಕ್ರಮವನ್ನೇ ಮೆಚ್ಚಿದರೆಂದೂ ಅವರು ಕಂಡುಕೊಂಡರು. ಕಾರ್ಡಿಲ್ಲದವರಿಗೂ ಹಣ ಕೊಡುವ ಹಳೆಯ ದಾರಿಯನ್ನು ಆಗ ಮುಚ್ಚಿರಲಿಲ್ಲವೆಂಬ ಅಂಶ ಇಲ್ಲಿ ಬಹಳ ಮುಖ್ಯ. 2023ರ ಜನವರಿ 1ರಿಂದ ಕಾಮಗಾರಿಯ ಸ್ಥಳದ ಹಾಜರಿಯನ್ನು ಮೊಬೈಲ್ ಛಾಯಾಚಿತ್ರದ ಮೂಲಕವೂ, 2024ರ ಜನವರಿ 1ರಿಂದ ಕೂಲಿಯನ್ನು ಆಧಾರ್ ಜೋಡಿತ ಖಾತೆಯ ಮೂಲಕವೂ ಕಡ್ಡಾಯಗೊಳಿಸಿದಾಗ ಬದಲಿ ದಾರಿ ಕಿರಿದಾಯಿತು.

ಕಾನೂನು

ಆಧಾರ್ ವಿರುದ್ಧ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ಮೊದಲಿಗರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಮೊಕದ್ದಮೆಯಲ್ಲಿ 9 ಮಂದಿ ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಗೋಪ್ಯತೆ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರಂದು 5 ಮಂದಿಯ ಪೀಠ ಬಹುಮತದಿಂದ ಆಧಾರ್ ಶಾಸನವನ್ನು ಎತ್ತಿಹಿಡಿದು, ಸೌಲಭ್ಯ ವಿತರಣೆಗೆ ಅದರ ಬಳಕೆಯನ್ನು ಸಮ್ಮತಿಸಿ, ಖಾಸಗಿ ಸಂಸ್ಥೆಗಳು ಅದನ್ನು ಬಳಸಲು ಆಸ್ಪದ ಕೊಟ್ಟಿದ್ದ 57ನೆಯ ಪ್ರಕರಣದ ಭಾಗವನ್ನು ತಳ್ಳಿಹಾಕಿತು, ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಭಿನ್ನಮತ ಬರೆದರು. ವೈಯಕ್ತಿಕ ಅಂಕೀಯ ದತ್ತಾಂಶ ರಕ್ಷಣಾ ಶಾಸನಕ್ಕೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆತು, ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಈ ಶಾಸನವು 2005ರ ಮಾಹಿತಿ ಹಕ್ಕು ಶಾಸನದ 8(1)(ಜೆ) ಪ್ರಕರಣವನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ಸಾರ್ವಜನಿಕ ಹಿತದ ತುಲನೆಯಿಲ್ಲದೆ ಆ ಪ್ರಕರಣದಡಿ ನಿರಾಕರಿಸಲು ಎಡೆಕೊಟ್ಟಿತು. ಹಾಜರಿ ಪಟ್ಟಿಯನ್ನು ಬಹಿರಂಗವಾಗಿ ಓದುವ ಸಾಮಾಜಿಕ ಲೆಕ್ಕಪರಿಶೋಧನೆಗೆ ಇದರಿಂದ ಕುಂದು ಬಂದೀತೆಂಬ ಆತಂಕ ಮಾಹಿತಿ ಹಕ್ಕಿನ ಕಾರ್ಯಕರ್ತರಲ್ಲಿದೆ, ಮತ್ತು ಅದು ನಿರಾಧಾರವೆನ್ನಲಾಗದು.

ಇಂದಿನ ಸ್ಥಿತಿ

ಆಂಧ್ರದಲ್ಲಿ 2025ರಿಂದ ಪ್ರತಿಯೊಬ್ಬ ರೈತನಿಗೂ 11 ಅಂಕೆಗಳ ವಿಶಿಷ್ಟ ಸಂಖ್ಯೆ ಕೊಡುವ ನೋಂದಣಿ ನಡೆದಿದೆ. ಪಿಂಚಣಿಗಳನ್ನು 2024ರ ಜುಲೈಯಿಂದ ಗ್ರಾಮ ಸಚಿವಾಲಯದ ನೌಕರರು ಮನೆಗೊಯ್ದು ಕೊಡುತ್ತಿದ್ದಾರೆ. ಮಡಕಶಿರಾ ವಿಧಾನಸಭಾ ಕ್ಷೇತ್ರ 2008ರ ಕ್ಷೇತ್ರ ಪುನರ್ವಿಂಗಡಣೆಯಿಂದ, ಅಂದರೆ 2001ರ ಗಣತಿಯ ಅಂಕಿಗಳ ಆಧಾರದಿಂದ, ಪರಿಶಿಷ್ಟ ಜಾತಿಗೆ ಮೀಸಲಾಗಿದೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದೂಡಲ್ಪಟ್ಟುದರಿಂದ, ಈ ಸೀಮೆಯ ಕನ್ನಡಿಗರ ಸಂಖ್ಯೆಯನ್ನು ಕುರಿತ ಅಧಿಕೃತ ಆಧಾರ ಇಂದಿಗೂ 2011ರದೇ ಆಗಿದೆ. 2025ರ ಜೂನ್ 16ರ ಅಧಿಸೂಚನೆಯ ಮೇರೆಗೆ ಮುಂದಿನ ಗಣತಿಯ ನಿರ್ದೇಶ ದಿನಾಂಕ 2027ರ ಮಾರ್ಚ್ 1. ಅದು ದೇಶದ ಮೊದಲ ಅಂಕೀಯ ಗಣತಿಯಾಗಲಿದ್ದು, ಜಾತಿಯ ವಿವರವನ್ನೂ ಒಳಗೊಳ್ಳುತ್ತದೆ. ಮಾತೃಭಾಷೆಯ ಅಂಕಣದಲ್ಲಿ ಮನೆಯವರು ಹೇಳಿದುದನ್ನೇ ದಾಖಲಿಸಬೇಕೆಂಬುದು ಗಣತಿದಾರರಿಗೆ ಕೊಡಲ್ಪಡುವ ಸೂಚನೆಗಳಲ್ಲಿ ಬಹುಕಾಲದಿಂದ ಇರುವ ನಿಯಮ.